2ರ ಘಾತದಲ್ಲಿ 1 ಕಳೆದ ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯನ್ನು ಸಿ ಭಾಷೆಯಲ್ಲಿ ಬರೆದೆ. ಘಾತ 31ರಿಂದ 59ರ ತನಕ ಸರಿ ಬಂತು, ಆದರೆ 2⁶¹−1 ಅವಿಭಾಜ್ಯ ಅಲ್ಲ ಅಂತಿದೆ ನನ್ನ ಪ್ರೋಗ್ರಾಂ. ದೊಡ್ಡ ಕಂಪ್ಯೂಟರ್ ಬೇಕಾ, ಫರ್ಮಾ ಪರೀಕ್ಷೆಗೆ ಹೋಗಲಾ?

ಎರಡೂ ಬೇಡ. ಸಿ ಭಾಷೆಯ ಲ್ಯೂಕಾಸ್–ಲೆಹ್ಮರ್ 31ಕ್ಕೆ ಸರಿ ಬಂದು 61ಕ್ಕೆ ಕೈಕೊಟ್ಟಿತು ಅಂದಿರಲ್ಲ, ಈ ರೋಗ ನನಗೆ ಹಳೆಯ ಪರಿಚಯ. ವರ್ಗ ಮಾಡುವ ಸಾಲಿನಲ್ಲಿ 64 ಬಿಟ್ ಸಾಲದೆ ಹೋಗಿದೆ.

4ರಿಂದ ಹೊರಟು, ಪ್ರತಿ ಸುತ್ತಿನಲ್ಲೂ ವರ್ಗ ಮಾಡಿ 2 ಕಳೆದು, 2⁶¹−1ರಿಂದ ಭಾಗಿಸಿದರೆ ಬರುವ ಶೇಷ ಇಟ್ಟುಕೊಳ್ಳಿ; ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬರುವ ಬೆಲೆಗಳು: 14, 194, 37634, 1416317954, 2005956546822746114. ಇಲ್ಲಿಗೂ 2⁶¹−1, ಅಂದರೆ 2305843009213693951, ದಾಟಿಲ್ಲ. ಆರನೇ ವರ್ಗಕ್ಕೆ 37 ಅಂಕಿ ಬೇಕು. 64 ಬಿಟ್‌ಗೆ ಹಿಡಿಸುವುದು ಹೆಚ್ಚೆಂದರೆ 20. ಮೇಲಿನ ಬಿಟ್‌ಗಳು ಉದುರಿಹೋಗುತ್ತವೆ, ಕಂಪೈಲರ್ ಚಕಾರ ಎತ್ತುವುದಿಲ್ಲ. 31ರಲ್ಲಿ ಶೇಷ 31 ಬಿಟ್, ವರ್ಗ 62 ಬಿಟ್, ಹಾಗಾಗಿ ಬಚಾವ್.

ನಡುವಿನ 37, 41, 43, 47, 53, 59 ಸರಿ ಬಂದವು ಅಂತ ಧೈರ್ಯ ತಂದುಕೊಳ್ಳಬೇಡಿ. ಆ ಘಾತಗಳೆಲ್ಲ ನಿಜಕ್ಕೂ ಸಂಯುಕ್ತ ಸಂಖ್ಯೆಯನ್ನೇ ಕೊಡುತ್ತವೆ. ಉತ್ತರ ಸರಿ, ಲೆಕ್ಕ ಕಸ. ತಪ್ಪು 61ರ ತನಕ ಅಡಗಿ ಕೂತಿದ್ದು ಇದಕ್ಕೇ.

ವರ್ಗವನ್ನು 128 ಬಿಟ್‌ನಲ್ಲಿ ಇಟ್ಟು 2 ಕಳೆಯಿರಿ. ಶೇಷ ತೆಗೆಯಲು ಭಾಗಾಕಾರ ಬೇಕಿಲ್ಲ: ಕೆಳಗಿನ 61 ಬಿಟ್‌ಗಳಿಗೆ ಮೇಲೆ ಉಳಿದದ್ದನ್ನು ಕೂಡಿ, ಮೊತ್ತ 2⁶¹−1ಕ್ಕೆ ಸಮ ಅಥವಾ ಹೆಚ್ಚಿದ್ದರೆ ಒಮ್ಮೆ ಅದನ್ನು ಕಳೆಯಿರಿ. 'ಸಮ' ಮರೆತರೆ ಮತ್ತೆ ಅದೇ ಗೋಳು, ಏಕೆಂದರೆ ಕೊನೆಯ ಸುತ್ತಿನಲ್ಲಿ ಈ ಮೊತ್ತ ಸರಿಯಾಗಿ 2⁶¹−1 ಆಗಿಯೇ ಬರುತ್ತದೆ; ಸೊನ್ನೆಗೆ ಇಳಿಸುವುದು ನಿಮ್ಮ ಕೆಲಸ. ಸುತ್ತು 59, ಅಂದರೆ ಘಾತಕ್ಕಿಂತ ಎರಡು ಕಡಿಮೆ. ಒಂದು ಹೆಚ್ಚಾದರೂ ಸೊನ್ನೆ ಹೋಗಿ −2 ಆಗುತ್ತದೆ. ಮೊದಲು ಚಿಕ್ಕದರಲ್ಲಿ ನೋಡಿ: ಘಾತ 13ಕ್ಕೆ ಕೊನೆಯ ಮೂರು ಬೆಲೆ 3470, 128, 0, ಘಾತ 11ಕ್ಕೆ ಕೊನೆಗೆ 1736.

ಫರ್ಮಾ ಪರೀಕ್ಷೆಯನ್ನು 2ರ ಆಧಾರದಲ್ಲಿ ಮಾಡುವುದು (2ರ n−1ನೇ ಘಾತವನ್ನು nರಿಂದ ಭಾಗಿಸಿ ಶೇಷ 1 ಬಂದರೆ n ಪಾಸು) ಇಲ್ಲಿ ಶುದ್ಧ ದಂಡ. ಘಾತ ಅವಿಭಾಜ್ಯವಾಗಿದ್ದರೆ ಸಾಕು, ಈ ಜಾತಿಯ ಸಂಖ್ಯೆಗಳೆಲ್ಲ ಪಾಸು. 23×89 ಆದ 2047 ಪಾಸು. 193707721×761838257287 ಆದ 2⁶⁷−1 ಕೂಡ ಪಾಸು.

ದೊಡ್ಡ ಕಂಪ್ಯೂಟರ್ ಮಾತಂತೂ ಬಿಡಿ, ರಷ್ಯಾದ ಪಾದ್ರಿ ಪೆರ್ವುಶಿನ್ 1883ರಲ್ಲಿ 2⁶¹−1 ಅವಿಭಾಜ್ಯ ಎಂದು ಕೈಲೆಕ್ಕದಲ್ಲೇ ಸಾಧಿಸಿದ. ಇನ್ನೂ ಅನುಮಾನವಿದ್ದರೆ ನೇರವಾಗಿ ಭಾಗಿಸಿ ನೋಡಿ. ಭಾಜಕವಿದ್ದರೆ ಅದು 122ರ ಗುಣಕಕ್ಕೆ 1 ಕೂಡಿದ್ದೇ ಆಗಿರಬೇಕು, 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ವರ್ಗಮೂಲದ ತನಕ ಅಂಥವು ಸುಮಾರು 62 ಲಕ್ಷ, ಅಷ್ಟೇ.