ಹಾರಾಟ ಸಾಕು, ಕೆಲಸ ತೋರಿಸಿ

ಪ್ರಿಯರೇ,

ಗಗನಯಾತ್ರಿಗಳಾದ ವ್ಯಾಲೆಂಟಿನಾ ತೆರೆಶ್ಕೋವಾ, ಸ್ವೆತ್ಲಾನಾ ಸವಿತ್ಸ್ಕಾಯಾ, ಸ್ಯಾಲಿ ರೈಡ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಇಸವಿಗಳು ಸರಿಯಾಗಿವೆ. ಇನ್ನು ಜಗಳಕ್ಕೆ ಬರುತ್ತೇನೆ. ಮೂವರೂ ತೇಲುತ್ತಾರೆ, ನಗುತ್ತಾರೆ, ಇತಿಹಾಸ ಬರೆಯುತ್ತಾರೆ. ಆದರೆ ಮೇಲೆ ಹೋಗಿ ಮಾಡಿದ್ದೇನು ಅಂತ ಹುಡುಕಿದರೂ ಸಿಗಲಿಲ್ಲ.

ಎರಡನೇ ಪ್ಯಾರಾ ನೋಡಿ. ‘ಗುರುತ್ವಾಕರ್ಷಣೆಯೇ ಇಲ್ಲದ ಲೋಕದಲ್ಲಿ ವ್ಯಾಲೆಂಟಿನಾ ಹಕ್ಕಿಯಂತೆ ಹಾರಾಡಿದರು.’ ಒಂದೇ ವಾಕ್ಯದಲ್ಲಿ ಎರಡು ತಪ್ಪು. 200 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದ ಮೇಲಿನ ಬಲದ ಶೇ. 94ರಷ್ಟು ಇರುತ್ತದೆ. ನೌಕೆಯೂ ಒಳಗಿರುವವರೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೂಕ ಗೊತ್ತಾಗುವುದಿಲ್ಲ, ಅಷ್ಟೇ. ಇನ್ನು ಹಾರಾಟ! ಅವರಿದ್ದ ನೌಕೆ ವೊಸ್ತೋಕ್‌-6ರ ಗೋಳದ ಹೊರವ್ಯಾಸವೇ ಸುಮಾರು 2.3 ಮೀಟರ್. 48 ಸುತ್ತು, ಹತ್ತಿರ ಹತ್ತಿರ 71 ಗಂಟೆ, ಮೈಮೇಲಿನ ಬಾಹ್ಯಾಕಾಶ ಉಡುಪು ಕಳಚುವಂತಿರಲಿಲ್ಲ. ಕಾಲು ನೋಯುತ್ತಿತ್ತು, ಶಿರಸ್ತ್ರಾಣದ ಉಂಗುರ ಭುಜವನ್ನು ಒತ್ತುತ್ತಿತ್ತು. ಇದನ್ನು ಬರೆಯಿರಿ, ಹಕ್ಕಿಯನ್ನು ಬಿಟ್ಟುಬಿಡಿ.

ಅದೇ ಪ್ಯಾರಾದ ಕೊನೆಗೆ ‘ನೌಕೆ ಮೃದುವಾಗಿ ನೆಲ ಮುಟ್ಟಿತು, ಅವರು ಬಾಗಿಲು ತೆರೆದು ಹೊರಬಂದರು’ ಎಂದಿದ್ದೀರಿ. ವೊಸ್ತೋಕ್ ಮೃದುವಾಗಿ ಇಳಿಯುವ ನೌಕೆಯೇ ಅಲ್ಲ. ಅದರ ಪ್ಯಾರಾಚೂಟ್ ವೇಗ ತಗ್ಗಿಸಿದರೂ ನೆಲಕ್ಕೆ ಬಡಿಯುವ ಏಟು ಒಳಗಿದ್ದವರಿಗೆ ಅಪಾಯ. ಹಾಗಾಗಿ ಸುಮಾರು 7 ಕಿ.ಮೀ. ಎತ್ತರದಲ್ಲಿ ಆಸನ ಸಮೇತ ಹೊರಕ್ಕೆ ಚಿಮ್ಮಿ, ತಮ್ಮದೇ ಪ್ಯಾರಾಚೂಟಿನಲ್ಲಿ ಇಳಿಯಬೇಕಿತ್ತು. ಜವಳಿ ಗಿರಣಿಯ ಕೆಲಸಗಾರ್ತಿಯಾಗಿದ್ದ ವ್ಯಾಲೆಂಟಿನಾ ಆಯ್ಕೆಯಾದದ್ದು ಏಕೆಂದು ಓದುಗ ಕೇಳುತ್ತಾನಲ್ಲ, ದೊಡ್ಡ ಕಾರಣ ಇಲ್ಲೇ ಇದೆ: ಹವ್ಯಾಸಕ್ಕೆ ಕಲಿತ ಪ್ಯಾರಾಚೂಟ್ ಜಿಗಿತ. ನೀವು ಅದನ್ನು ‘ಬಾಲ್ಯದ ಕನಸು’ ಎಂದು ಮುಗಿಸಿದ್ದೀರಿ.

ನಾನು ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರೊಬ್ಬರು ನನ್ನ ಪ್ರತಿಯಲ್ಲಿ ಪ್ರತಿ ಕ್ರಿಯಾಪದದ ಪಕ್ಕ ಕೆಂಪು ಶಾಯಿಯಲ್ಲಿ ‘ಹೇಗೆ?’ ಎಂದು ಗೀಚುತ್ತಿದ್ದರು. ಆಗ ಮೈ ಉರಿಯುತ್ತಿತ್ತು. ಈಗ ನಿಮ್ಮ ಪ್ರತಿಯ ಮೇಲೆ ನಾನೂ ಅದನ್ನೇ ಮಾಡುತ್ತಿದ್ದೇನೆ.

‘ಸವಿತ್ಸ್ಕಾಯಾ ಅನಂತ ಶೂನ್ಯವನ್ನು ಅಪ್ಪಿಕೊಂಡರು.’ ಹೇಗೆ? 1984ರ ಜುಲೈ 25ರಂದು ಸಲ್ಯೂತ್‌-7 ಬಾಹ್ಯಾಕಾಶ ನಿಲ್ದಾಣದಿಂದ ಹೊರಬಂದು 3 ಗಂಟೆ 35 ನಿಮಿಷ ಅವರು ಮಾಡಿದ್ದು ಲೋಹದ ಕೆಲಸ. ಕೀವ್‌ನ ಪಾಟನ್ ಸಂಸ್ಥೆ ರೂಪಿಸಿದ ಎಲೆಕ್ಟ್ರಾನ್ ಕಿರಣದ ಕೈಸಾಧನದಿಂದ ಲೋಹದ ತುಂಡುಗಳನ್ನು ಕತ್ತರಿಸಿದರು, ಬೆಸೆದರು, ಮೇಲ್ಲೇಪ ಹಾಕಿದರು. ಆಮೇಲೆ ಸಾಧನ ಹಿಡಿದವರು ಜೊತೆಗಿದ್ದ ವ್ಲಾದಿಮಿರ್ ಜಾನಿಬೆಕೋವ್. ಒಳಗಿನ ಒತ್ತಡಕ್ಕೆ ಕೈಗವಸು ಬಿರುಸಾಗಿ ಉಬ್ಬಿರುತ್ತದೆ. ಬೆರಳು ಮಡಚಿದಷ್ಟು ಸಲವೂ ಅದು ಹಿಂದಕ್ಕೆ ತಳ್ಳುತ್ತದೆ. ಕರಗಿದ ಲೋಹದ ಹನಿ ಸಿಡಿದರೆ, ಇಲ್ಲವೇ ಕಿರಣ ಅಡ್ಡಾದಿಡ್ಡಿ ತಿರುಗಿದರೆ ಉಡುಪು ತೂತಾಗುವ ಭಯ ಬೇರೆ. ಹೊರಡುವ ಮೊದಲು ಶುದ್ಧ ಆಮ್ಲಜನಕ ಉಸಿರಾಡಿ ರಕ್ತದಲ್ಲಿನ ಸಾರಜನಕ ತೆಗೆಯಬೇಕು. ತೆಗೆಯದಿದ್ದರೆ ಕಡಿಮೆ ಒತ್ತಡದಲ್ಲಿ ಅದು ಗುಳ್ಳೆಗಟ್ಟುತ್ತದೆ. ಇಷ್ಟೆಲ್ಲ ಇರುವಾಗ ಶೂನ್ಯವನ್ನು ಯಾಕೆ ಅಪ್ಪಿಕೊಳ್ಳುತ್ತೀರಿ?

ಸ್ಯಾಲಿ ರೈಡ್ ಭಾಗದಲ್ಲಿ ‘ನಕ್ಷತ್ರಗಳ ಮಗಳು’ ಹೊಡೆದುಹಾಕಿದ್ದೇನೆ. ಅಲ್ಲಿ 1983ರ ಜೂನ್‌ನಲ್ಲಿ ಅವರೂ ಸಹಯಾತ್ರಿ ಜಾನ್ ಫೇಬಿಯನ್ ಅವರೂ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ರೋಬಾಟ್ ತೋಳಿನಿಂದ ಒಂದು ಉಪಗ್ರಹವನ್ನು ಹೊರಗೆ ಬಿಟ್ಟು ಮತ್ತೆ ಹಿಡಿದದ್ದನ್ನು ಸೇರಿಸಿ. ತೋಳನ್ನು ಎಲ್ಲಿ ನಿಂತು, ಏನು ನೋಡಿಕೊಂಡು ನಡೆಸುತ್ತಿದ್ದರು ಎಂಬುದೂ ಬರಲಿ. ಉಳಿದ ಪುಟಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಈ ಮೂರು ಭಾಗ ತಿದ್ದಿ ಕಳಿಸಿ, ಆಮೇಲೆ ನೋಡೋಣ.

— ಸಂಪಾದಕ