ಗ್ಯಾಲಿಯಂ ಹುಡುಕೋ ಜಾಗ ಬ್ಯಾರೆ ಐತ್ರಿ

ಬೆಳಗಾವಿ ಅಲ್ಯುಮಿನಾ (ಅಲ್ಯುಮಿನಿಯಂ ಮಾಡೋ ಬಿಳಿ ಪುಡಿ) ಕಾರ್ಖಾನ್ಯಾಗ ತ್ಯಾಜ್ಯ ಆಗಿ ಉಳಿಯೋ ಕೆಂಪು ಕೆಸರಿನ್ಯಾಗಿಂದ ರಾಡಾರ್ ಚಿಪ್ಪಿಗೆ ಬೇಕಾಗೋ ಗ್ಯಾಲಿಯಂ ಲೋಹ ತೆಗೀಲಿಕ್ಕೆ ಬರತೈತೇನು ಅಂತ ಕೇಳೀರಿ. ಜಾಗ ಸ್ವಲ್ಪ ತಪ್ಪೀರಿ ಸರ. ಅಲ್ಯುಮಿನಿಯಂ ಅದಿರು ಬಾಕ್ಸೈಟ್‌ನ ಪುಡಿಯನ್ನ ಕಾಸ್ಟಿಕ್ ಸೋಡಾದಾಗ ಕುದಿಸಿದಾಗ ಗ್ಯಾಲಿಯಂನ ಹೆಚ್ಚಿನ ಪಾಲು ಅಲ್ಯುಮಿನಾ ಜೋಡಿ ದ್ರಾವಣಕ್ಕ ಹೋಗತೈತಿ, ಕೆಸರಿನ್ಯಾಗ ಉಳಿಯೋದು ಕಡಿಮಿ. ಅದೇ ದ್ರಾವಣ ಮತ್ತ ಮತ್ತ ತಿರುಗೋದ್ರಿಂದ ಗ್ಯಾಲಿಯಂ ಅಂಶ ಕೂಡತಾ ಹೋಗತೈತಿ. ಆಗ ವಿಶೇಷ ರಾಳದಿಂದ (ರೆಸಿನ್) ಅದನ್ನ ಹಿಡೀತಾರ. ಆದ್ರ ಒಂದು ಟನ್ ಬಾಕ್ಸೈಟ್‌ನಾಗ ಇರೋದ ಸುಮಾರು 50 ಗ್ರಾಂ, ಒಗ್ಗರಣಿ ಜೀರಗಿ ಇದ್ದಂಗ! ಲೋಕದ ಗ್ಯಾಲಿಯಂ ಬಹುಪಾಲು ಚೀನಾದ್ದು. 2023ರ ಆಗಸ್ಟ್‌ನಿಂದ ಅವರು ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ರು. ಅದೇ ವರ್ಷ ನಮ್ಮ ಸರ್ಕಾರ ಮಾಡಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಾಗೂ ಇದು ಐತಿ. ಕೆಂಪು ಕೆಸರು ಬೇಕಾಗೋದು ಸ್ಕ್ಯಾಂಡಿಯಂ, ಟೈಟಾನಿಯಂ ಹುಡುಕೋರಿಗೆ.