ಕಷ್ಟ ಬಂದಾಗಲೂ ದೇವರಿಗೆ ಸ್ತೋತ್ರ ಹೇಳಬೇಕಾ?

‘ಎಲ್ಲದರಲ್ಲೂ ಸ್ತೋತ್ರ ಮಾಡಿ ಅಂತಾರಲ್ಲ, ಕಷ್ಟಕ್ಕೂ ಮಾಡಬೇಕಾ?’ ಅಂತ ಕೇಳಿದ್ದೀರಿ. ಸ್ತೋತ್ರ ಅಂದರೆ ಇಲ್ಲಿ ದೇವರಿಗೆ ಕೃತಜ್ಞತೆ ಹೇಳುವುದು.

ಅದು ಬೈಬಲಿನಲ್ಲಿ ಅಪೊಸ್ತಲ ಪೌಲ ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ ಮಾತು (5:18). ಅಲ್ಲಿರುವುದು ‘ಎಲ್ಲದರಲ್ಲೂ’, ‘ಎಲ್ಲದಕ್ಕೂ’ ಅಲ್ಲ. (ಅವನೇ ಎಫೆಸದವರಿಗೆ ಬರೆದ ಪತ್ರದ 5:20ರಲ್ಲಿ ‘ಎಲ್ಲದಕ್ಕಾಗಿ’ ಅಂತ ಇದೆ, ಆ ವಾದ ಮುಗಿಯುವುದಿಲ್ಲ ಬಿಡಿ.)

ನಾಲೆಗೆ ನೀರು ಬಾರದೆ ಕಬ್ಬು ಒಣಗಿದ ವರ್ಷ, ಮಂಡ್ಯದ ನಮ್ಮ ಮನೆಯಲ್ಲಿ ಅಜ್ಜಿ ಊಟಕ್ಕೆ ಮುಂಚೆ ಕಣ್ಮುಚ್ಚಿ ಸ್ತೋತ್ರ ಹೇಳುತ್ತಿದ್ದರು. ಒಣಗಿದ ಕಬ್ಬಿಗಲ್ಲ, ತಟ್ಟೆಯಲ್ಲಿದ್ದ ಮುದ್ದೆ, ಸೊಪ್ಪಿನ ಸಾರಿಗೆ. ಊಟ ಆದಮೇಲೆ ಜಗಲಿಯಲ್ಲಿ ಕೂತು ಅಳುತ್ತಲೂ ಇದ್ದರು. ಅದೇನೂ ತಪ್ಪಲ್ಲ. ಬೈಬಲಿನ ಕೀರ್ತನೆಗಳಲ್ಲೂ ಗೋಳು, ಸ್ತುತಿ ಅಕ್ಕಪಕ್ಕದಲ್ಲೇ ಇವೆ.

ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಯೂಕರಿಸ್ಟ್ ಅನ್ನುವ ಹೆಸರು ಬಂದದ್ದೇ ಕೃತಜ್ಞತೆ ಅನ್ನುವ ಗ್ರೀಕ್ ಪದದಿಂದ. ಯೇಸು ಸ್ತೋತ್ರ ಹೇಳಿ ರೊಟ್ಟಿ ಮುರಿದದ್ದು ತನ್ನನ್ನು ಶತ್ರುಗಳಿಗೆ ಹಿಡಿದುಕೊಟ್ಟ ರಾತ್ರಿಯೇ ಅಲ್ವಾ?